ಲಗ್ನಪತ್ರಿಕೆಯ ಬೆನ್ನ ಮೇಲೆ ಫುಟ್‌ಬಾಲ್

ಬೆರಳುದ್ದದ ಫುಟ್‌ಬಾಲ್ ಆಟಗಾರ. ಕೆಂಪು ಅಂಗಿ, ಬಿಳಿ ಚಡ್ಡಿ, ಮೊಣಕಾಲಿನವರೆಗೆ ಏರಿದ ಕಾಲುಚೀಲ. ಎಡಗಾಲು ನೆಲಕ್ಕೂರಿದೆ, ಬಲಗಾಲು ಹಿಂದಕ್ಕೆ ಚಿಮ್ಮಿದೆ. ಚೆಂಡು ಮಾತ್ರ ಅವನ ಹತ್ತಿರವಿಲ್ಲ, ಹಾಳೆಯ ಇನ್ನೊಂದು ಮೂಲೆಯಲ್ಲಿದೆ. ಗೋಲ್‌ಕೀಪರ್ ತಲೆಕೆಳಗಾಗಿ ಅಚ್ಚಾಗಿದ್ದಾನೆ, ಯಾಕಂದರೆ ಅವನನ್ನು ಹಿಡಿಸಲು ಉಳಿದಿದ್ದ ಜಾಗ ಅಷ್ಟೇ. ರೆಫ್ರಿಯ ಚಾಚಿದ ಕೈ ಯಾರದೋ ಮೂಗಿಗೆ ತಗಲುವಷ್ಟು ಹತ್ತಿರವಿದೆ. ಹೀಗೆ ಹದಿನೈದಿಪ್ಪತ್ತು ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂದು ಮಸುಕು ಹಾಳೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತಾರೆ. ಅವರಲ್ಲಿ ಯಾರು ಎಲ್ಲಿ ನಿಲ್ಲಬೇಕು, ಚೆಂಡು ಯಾರ ಕಾಲಿಗೆ ಸಿಗಬೇಕು, ಯಾರು ಬೀಳಬೇಕು, ಯಾರು ಗೋಲು ಹೊಡೆಯಬೇಕು ಎಂಬುದೆಲ್ಲ ಒಂದು ಮಗುವಿನ ಕೈಯಲ್ಲಿರುತ್ತದೆ. ಇಂಥ ಹಾಳೆಗಳನ್ನು ಹುಡುಕಿ ಕೂಡಿಡುವುದು ನನ್ನ ಹವ್ಯಾಸ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅವಕ್ಕೆ ತಿಕ್ಕುಚಿತ್ರ ಅಂತಿದ್ದೆವು. ಇಲ್ಲಿಯೂ ಹಾಗೇ ಕರೆಯುತ್ತೇನೆ.

ನೋಡದವರಿಗೆ ಅದರ ಕೆಲಸ ಹೇಳಬೇಕು. ಹಾಳೆಯ ಹಿಂದೆ ಮೇಣ ಸವರಿದಂಥ ನುಣುಪಾದ ತೆಳು ಕಾಗದವೊಂದು ಇರುತ್ತದೆ. ಅದನ್ನು ಸರಿಸಿ, ಬೇಕಾದ ಜಾಗದ ಮೇಲೆ ಆಟಗಾರನನ್ನು ಇಟ್ಟು, ಎಡಗೈಯ ಎರಡು ಬೆರಳುಗಳಿಂದ ಹಾಳೆ ಅಲುಗದಂತೆ ಒತ್ತಿ ಹಿಡಿಯಬೇಕು. ಬಲಗೈಯಲ್ಲಿ ಮಸಿ ಮುಗಿದ ಬಾಲ್‌ಪೆನ್ನು. ತಲೆಯಿಂದ ಶುರುಮಾಡಿ ಕಾಲಿನವರೆಗೆ ಒತ್ತೊತ್ತಾಗಿ ಗೆರೆ ಎಳೆಯುತ್ತ ತಿಕ್ಕಬೇಕು. ತಿಕ್ಕಿದಲ್ಲೆಲ್ಲ ಅಂಗಿಯ ಕೆಂಪು ಒಂದು ಛಾಯೆ ಮಂಕಾಗುತ್ತ ಬರುತ್ತದೆ. ಆ ಮಂಕೇ ಗುರುತು. ಅಂದರೆ ಬಣ್ಣ ಹಾಳೆಯನ್ನು ಬಿಟ್ಟು ಕೆಳಗಿನ ಕಾಗದವನ್ನು ಹಿಡಿದಿದೆ. ಎಲ್ಲ ಕಡೆ ಮಂಕಾದ ಮೇಲೆ ಹಾಳೆಯ ಒಂದು ತುದಿ ಹಿಡಿದು ನಿಧಾನವಾಗಿ ಎತ್ತಿದರೆ ಆಟಗಾರ ಕೆಳಗೆ ಉಳಿಯುತ್ತಾನೆ, ಹಾಳೆಯಲ್ಲಿ ಅವನಿದ್ದ ಜಾಗ ಖಾಲಿಯಾಗಿರುತ್ತದೆ. ಅವಸರ ಮಾಡಿದರೆ ಒಂದು ಕೈಯೋ ಬೂಟೋ ಹಾಳೆಗೇ ಅಂಟಿಕೊಂಡು ಹೋಗುತ್ತದೆ. ಒಮ್ಮೆ ಇಳಿದವನನ್ನು ಮತ್ತೆ ಎಬ್ಬಿಸಿ ಬೇರೆ ಕಡೆ ನಿಲ್ಲಿಸಲು ಬರುವುದಿಲ್ಲ.

ಇಷ್ಟು ಸರಳವಾಗಿ ಕಾಣುವುದರ ಹಿಂದಿನ ಜಾಣತನ ನನಗೆ ಇಂದಿಗೂ ಬೆರಗು. ಇದು ಸ್ಕ್ರೀನ್ ಪ್ರಿಂಟಿಂಗಿನ ಕೆಲಸ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಹಿಂಬದಿಗೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಅಚ್ಚು ಹಾಕುತ್ತಾರೆ. ಮೊದಲು ಗೆರೆ ಮತ್ತು ಬಣ್ಣ, ಅವುಗಳ ಬೆನ್ನಿಗೆ ಬಿಳಿ, ಕಟ್ಟಕಡೆಗೆ ಒತ್ತಿದರಷ್ಟೇ ಹಿಡಿಯುವ ಹಗುರ ಅಂಟಿನ ಒಂದು ಪದರ. ಬಿಳಿಯ ಆಸರೆ ಇರುವುದರಿಂದಲೇ ಆಟಗಾರ ಕಡುಹಸಿರು ರಟ್ಟಿನ ಮೇಲೆ ಇಳಿದರೂ ಅವನ ಮುಖ ಹಸಿರಾಗುವುದಿಲ್ಲ. ಪೆನ್ನಿನಿಂದ ತಿಕ್ಕಿದಾಗ ಪ್ಲಾಸ್ಟಿಕ್ ಹಾಳೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಮಸಿ ಹಾಗೆ ಹಿಗ್ಗಲಾರದು, ಆದ್ದರಿಂದ ಹಾಳೆಯ ಮೇಲಿನ ಹಿಡಿತ ಬಿಡುತ್ತದೆ. ಅದೇ ಹೊತ್ತಿಗೆ ಒತ್ತಡಕ್ಕೆ ಸಿಕ್ಕ ಅಂಟು ಕೆಳಗಿನ ಕಾಗದವನ್ನು ಹಿಡಿಯುತ್ತದೆ. ನೀರು ಬೇಡ, ಕತ್ತರಿ ಬೇಡ, ಗೋಂದು ಬೇಡ. ಮಗುವಿನ ಬೆರಳಿನ ಬಲ ಸಾಕು.

ಈ ವಿದ್ಯೆ ಹುಟ್ಟಿದ್ದು ಆಟಕ್ಕಾಗಿ ಅಲ್ಲ, ಅಕ್ಷರಕ್ಕಾಗಿ. ಲಂಡನ್ನಿನಲ್ಲಿ 1959ರಲ್ಲಿ ಶುರುವಾದ ಲೆಟ್ರಾಸೆಟ್ ಕಂಪನಿ ಮೊದಮೊದಲು ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರಗಳನ್ನು ಮಾರುತ್ತಿತ್ತು. 1961ರಲ್ಲಿ ನೀರಿಲ್ಲದೆ ತಿಕ್ಕಿ ಇಳಿಸುವ ಅಕ್ಷರದ ಹಾಳೆ ತಂದಿತು. ಜಾಹೀರಾತು ಬರೆಯುವವರು, ಪುಸ್ತಕದ ಮುಖಪುಟ ಮಾಡುವವರು, ಕಟ್ಟಡದ ನಕ್ಷೆ ತೆಗೆಯುವವರು ಜಗತ್ತಿನಾದ್ಯಂತ ಅದಕ್ಕೆ ಒಲಿದರು. ಕಂಪ್ಯೂಟರ್ ಬರುವವರೆಗೆ ನಮ್ಮ ಅವಳಿನಗರದಲ್ಲೂ ಕಲಾವಿದರ ಮೇಜಿನ ಡ್ರಾವರಿನಲ್ಲಿ ಒಂದೆರಡು ಇಂಗ್ಲಿಷ್ ಅಕ್ಷರದ ಹಾಳೆಗಳು ಜೋಪಾನವಾಗಿ ಇರುತ್ತಿದ್ದವು. ಮೊದಲು ಖರ್ಚಾಗುತ್ತಿದ್ದುದು ‘ಇ’ ಮತ್ತು ‘ಎ’. ಅವು ಮುಗಿದರೆ ‘ಎಫ್’ ಇಳಿಸಿ ಕೆಳಗೊಂದು ಗೆರೆ ಎಳೆದು ‘ಇ’ ಮಾಡಿಕೊಳ್ಳುವ ಕೈಚಳಕವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಷರ ಇಳಿಯುವುದಾದರೆ ಮನುಷ್ಯ ಯಾಕೆ ಇಳಿಯಬಾರದು ಎಂದು ಅದೇ ಕಂಪನಿಗೆ ಹೊಳೆಯಿತು. ಅರವತ್ತರ ದಶಕದಲ್ಲಿ ಮಕ್ಕಳಿಗಾಗಿ ‘ಆ್ಯಕ್ಷನ್ ಟ್ರಾನ್ಸ್‌ಫರ್’ ಎಂಬ ಹೆಸರಿನ ಪೊಟ್ಟಣಗಳು ಬಂದವು. ಒಳಗೆ ಎರಡೇ ಸಾಮಾನು. ಒಂದು ಆಟಗಾರರೋ ಸೈನಿಕರೋ ಪ್ರಾಣಿಗಳೋ ಇರುವ ಹಾಳೆ, ಇನ್ನೊಂದು ಅವರನ್ನು ಇಳಿಸಬೇಕಾದ ಬಣ್ಣದ ರಟ್ಟು. ಫುಟ್‌ಬಾಲಿನದಾದರೆ ರಟ್ಟಿನ ಮೇಲೆ ಹಸಿರು ಮೈದಾನ, ಗೋಲಿನ ಬಲೆ, ಹಿಂದೆ ಮಸುಕುಮಸುಕಾಗಿ ಜನಸಾಗರ. ಉಪಾಹಾರದ ಧಾನ್ಯದ ಡಬ್ಬಿಗಳಲ್ಲಿಯೂ ಇವನ್ನು ಉಚಿತವಾಗಿ ಹಾಕಿ ಕೊಟ್ಟರು. ಪ್ಯಾಟರ್ಸನ್ ಬ್ಲಿಕ್ ಎಂಬ ಇನ್ನೊಂದು ಬ್ರಿಟಿಷ್ ಕಂಪನಿ ಇಂಥವನ್ನೇ ಮಾಡಿತು. ಇಟಲಿಯ ಮಕ್ಕಳಿಗೆ ‘ಟ್ರಾಸ್ಫೆರೆಲ್ಲಿ’ ಸಿಕ್ಕಿತು, ಸ್ಪೇನಿನ ಮಕ್ಕಳಿಗೆ ‘ಕಲ್ಕಿಟೋಸ್’. ಸಂಗ್ರಹಕಾರರಿಗೆ ಇಷ್ಟವಾಗುವ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. 1979ರಲ್ಲಿ ಲೆಟ್ರಾಸೆಟ್ ಕೊಂಡುಕೊಂಡದ್ದು ಅಂಚೆಚೀಟಿ ಸಂಗ್ರಹದ ಲೋಕದಲ್ಲಿ ಬಹು ದೊಡ್ಡ ಹೆಸರಾದ ಸ್ಟ್ಯಾನ್ಲಿ ಗಿಬನ್ಸ್ ಕಂಪನಿಯನ್ನು.

ಈ ಹಾಳೆಗಳಿಗೂ ಹುಬ್ಬಳ್ಳಿಗೂ ನಡುವಿನ ದಾರಿ ರೈಲ್ವೆಯದು. ಸದರ್ನ್ ಮರಾಠಾ ರೈಲ್ವೆ ಕಟ್ಟಿದ ವರ್ಕ್‌ಶಾಪು, ಅದರ ಸುತ್ತ ಬೆಳೆದ ಕ್ವಾರ್ಟರ್ಸುಗಳು, ಗದಗ ರಸ್ತೆಯ ಕಾಲನಿ, ಅಲ್ಲಿನ ಚರ್ಚು, ಅಲ್ಲಿನ ಬಯಲು. 1908ರಲ್ಲಿ ಆ ಕಂಪನಿ ಮದ್ರಾಸಿನದರ ಜೊತೆ ಕೂಡಿತು, 1951ರಲ್ಲಿ ದಕ್ಷಿಣ ರೈಲ್ವೆಯಾಯಿತು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು, 2003ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರವಾಯಿತು. ಆಡಳಿತದ ಹೆಸರು ಎಷ್ಟು ಸಲ ಬದಲಾದರೂ ಸಂಜೆಯಾದರೆ ಆ ಬಯಲಿನಲ್ಲಿ ಚೆಂಡು ಉರುಳುತ್ತಿತ್ತು. ಕಾಲನಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬಹಳ ಇದ್ದವು. ಗಂಡಸರು ಡ್ರೈವರು, ಗಾರ್ಡು, ಫೋರ್‌ಮನ್ ಆಗಿದ್ದರು. ಸ್ವಾತಂತ್ರ್ಯ ಬಂದ ಮೇಲಿನ ಒಂದೆರಡು ದಶಕಗಳಲ್ಲಿ ಅವರಲ್ಲಿ ಅನೇಕರು ಇಂಗ್ಲೆಂಡಿಗೋ ಆಸ್ಟ್ರೇಲಿಯಕ್ಕೋ ಹೋದರು. ಹೋಗದೆ ಉಳಿದವರ ಮನೆಗೆ ಹೋದವರ ಕಾಗದಗಳು ಬರುತ್ತಿದ್ದವು.

ಈ ಕಾಗದಗಳಲ್ಲಿ ತಿಕ್ಕುಚಿತ್ರಗಳು ಬಂದವು. ಮಾಮೂಲಿ ದಿನಗಳಲ್ಲಿ ಬರುತ್ತಿದ್ದುದು ನೀಲಿ ಏರೋಗ್ರಾಮು. ಅದರೊಳಗೆ ಏನನ್ನೂ ಇಡುವಂತಿರಲಿಲ್ಲ. ಕ್ರಿಸ್‌ಮಸ್ಸಿಗೆ ಮಾತ್ರ ಲಕೋಟೆಯಲ್ಲಿ ಕಾರ್ಡು ಬರುತ್ತಿತ್ತು, ಆ ಕಾರ್ಡಿನ ಮಡಿಕೆಯಲ್ಲಿ ಮಕ್ಕಳಿಗೆಂದು ಒಂದು ಹಾಳೆ. ತೂಕವೇ ಇಲ್ಲದ ವಸ್ತು, ಅಂಚೆಖರ್ಚು ಹೆಚ್ಚಾಗುವ ಭಯವಿಲ್ಲ. ಆದರೆ ಮೈದಾನದ ರಟ್ಟು ದಪ್ಪ, ಉದ್ದ. ಅದು ಲಕೋಟೆಯಲ್ಲಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಹುಬ್ಬಳ್ಳಿಗೆ ಆಟಗಾರರು ಬಂದರು, ಮೈದಾನ ಬರಲಿಲ್ಲ.

ನನ್ನ ಇಡೀ ಹವ್ಯಾಸ ನಿಂತಿರುವುದು ಈ ಒಂದು ಕೊರತೆಯ ಮೇಲೆ. ಬ್ರಿಟನ್ನಿನ ಮಗು ಕಂಪನಿ ಕೊಟ್ಟ ಹಸಿರು ಮೈದಾನದ ಮೇಲೆ ಕಂಪನಿ ಕೊಟ್ಟ ಆಟಗಾರರನ್ನು ಇಳಿಸುತ್ತಿತ್ತು. ನಮ್ಮ ಮಕ್ಕಳು ಮೈದಾನವನ್ನು ತಾವೇ ಹುಡುಕಬೇಕಾಯಿತು. ಅವರು ಹುಡುಕಿದ್ದು ಎಲ್ಲೆಲ್ಲಿ! ಕಾಪಿ ಬುಕ್ಕಿನ ಕಂದು ಹೊದಿಕೆ. ಹಳೆಯ ಕ್ಯಾಲೆಂಡರಿನ ಹಿಂಬದಿ. ಅವ್ವನ ಟ್ರಂಕಿನ ಮುಚ್ಚಳದ ಒಳಮೈ. ಅಪ್ಪನ ರೈಲ್ವೆ ಟೈಮ್‌ಟೇಬಲಿನ ರಕ್ಷಾಪುಟ. ಕಂಪಾಸ್ ಪೆಟ್ಟಿಗೆಯ ಮುಚ್ಚಳ. ನನ್ನ ಬಳಿ ಒಂದು ಕಪ್ಪು ಪಾಟಿ ಇದೆ, ಅದರ ಕಟ್ಟಿಗೆಯ ಚೌಕಟ್ಟಿನ ನಾಲ್ಕೂ ಬದಿಗೆ ನೀಲಿ ಅಂಗಿಯವರು ಒಬ್ಬರ ಹಿಂದೆ ಒಬ್ಬರು ಓಡುತ್ತಿದ್ದಾರೆ. ಲೆಕ್ಕ ಬರೆದು ಅಳಿಸುವ ಕೈ ದಿನವೂ ತಾಗಿ ಬಲಬದಿಯವರ ಮುಖಗಳು ಸವೆದಿವೆ. ಎಡಬದಿಯವರು ಇನ್ನೂ ಹೊಳೆಯುತ್ತಾರೆ. ಅದನ್ನು ಬಳಸಿದ ಮಗು ಬಲಗೈಯಿಂದ ಬರೆಯುತ್ತಿತ್ತು ಎಂದು ಇಷ್ಟರಿಂದಲೇ ತಿಳಿಯಬಹುದು.

ಹಾಳೆ ಒಂದು ಮನೆಗೆ ಬಂದರೆ ಅದು ಆ ಮನೆಯದಾಗಿ ಉಳಿಯುತ್ತಿರಲಿಲ್ಲ. ಬ್ಲೇಡಿನಿಂದ ಒಬ್ಬೊಬ್ಬ ಆಟಗಾರನನ್ನೂ ಹಾಳೆಸಮೇತ ಕತ್ತರಿಸಿ ಹಂಚಿಕೊಳ್ಳುತ್ತಿದ್ದೆವು. ಎರಡು ಪೇರಲಹಣ್ಣಿಗೆ ಒಬ್ಬ ಓಡುವವನು. ಗೋಲ್‌ಕೀಪರ್ ಬೇಕಾದರೆ ಗಾಜಿನ ಗೋಲಿಯೂ ಸೇರಬೇಕು. ಚೆಂಡಿಗೆ ಎಲ್ಲಕ್ಕಿಂತ ಬೆಲೆ ಹೆಚ್ಚು, ಯಾಕಂದರೆ ಹಾಳೆಗೆ ಒಂದೋ ಎರಡೋ ಚೆಂಡು, ಅದು ಇಲ್ಲದೆ ಆಟವಿಲ್ಲ. ಕಾಲನಿಯ ಬೇಲಿ ದಾಟಿ ಈ ತುಣುಕುಗಳು ಕೇಶ್ವಾಪುರಕ್ಕೂ ಘಂಟಿಕೇರಿಗೂ ಹೋದವು, ಅಜ್ಜಿಮನೆಗೆ ಹೊರಟ ಮಕ್ಕಳ ಕಿಸೆಯಲ್ಲಿ ಧಾರವಾಡದ ಮಾಳಮಡ್ಡಿಗೂ ಹೋದವು. ಇವತ್ತು ಒಂದು ಬೇಟೆಗೆ ಹೋದಾಗ ನನಗೆ ಇಡೀ ಹಾಳೆ ಸಿಗುವುದು ಅಪರೂಪ. ಸಿಗುವುದು ಅಂಚೆಚೀಟಿಯಷ್ಟು ಚೂರುಗಳು. ಮೂರು ಬೇರೆ ಬೇರೆ ಮನೆಯ ಮೂರು ಚೂರುಗಳ ಕತ್ತರಿಸಿದ ಅಂಚು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡ ದಿನ ನನ್ನ ಸಂತೋಷ ಹೇಳತೀರದು. ಅಲ್ಲಿ ಒಂದು ಹಾಳೆಯ ಜೊತೆ ಮೂರು ಮಕ್ಕಳ ಗೆಳೆತನವೂ ಕೂಡಿಕೊಂಡಿತ್ತು.

ನನ್ನಲ್ಲಿರುವುದರಲ್ಲಿ ನನಗೆ ಅತಿ ಪ್ರಿಯವಾದುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಅದೊಂದು ಲಗ್ನಪತ್ರಿಕೆ. ಮುಂದುಗಡೆ ಅರಿಶಿನ ಹಚ್ಚಿದ ಮೂಲೆಗಳು, ಗಣಪತಿ, ‘ತಾವು ಸಹಕುಟುಂಬ ಪರಿವಾರ ಸಮೇತ’ ಎಂಬ ಸಾಲುಗಳು. ಹಿಂಬದಿ ಖಾಲಿ ಇತ್ತು, ಆದ್ದರಿಂದ ಮೈದಾನವಾಯಿತು. ಮಗು ಮೊದಲು ಫೂಟುಪಟ್ಟಿ ಇಟ್ಟು ನೀಲಿ ಮಸಿಯಲ್ಲಿ ನಾಲ್ಕು ಗೆರೆ ಎಳೆದಿದೆ. ನಡುವಿನ ವೃತ್ತಕ್ಕೆ ಬಳೆ ಇಟ್ಟು ಸುತ್ತ ಬರೆದಿದೆ. ಗೆರೆ ಶುರುವಾದಲ್ಲೇ ಮುಗಿಯದೆ ಕೊಂಚ ಹೊರಗೆ ಜಾರಿದೆ, ಬಳೆ ಜಾರಿರಬೇಕು. ಎಡಗಡೆಯ ಗೋಲುಕಂಬ ನೆಟ್ಟಗಿದೆ, ಬಲಗಡೆಯದು ಅದಕ್ಕಿಂತ ಎರಡು ಪಟ್ಟು ಅಗಲ. ಕೆಂಪು ಅಂಗಿಯವರು ಯಾವ ಕಡೆ ಗೋಲು ಹೊಡೆಯಬೇಕೆಂಬುದು ಆ ಮಗುವಿಗೆ ಮೊದಲೇ ಗೊತ್ತಿತ್ತು.

ಕೆಂಪಿನವರು ಏಳು, ನೀಲಿಯವರು ಮೂರು. ಎಲ್ಲ ಏಳು ಜನ ಬಲಕ್ಕೆ ಮುಖ ಮಾಡಿದ್ದಾರೆ. ಒಬ್ಬ ನೆಲಕ್ಕೆ ಬಿದ್ದಿದ್ದಾನೆ, ಅವನ ಮೇಲೆ ರೆಫ್ರಿ ಬಾಗಿದ್ದಾನೆ. ಚೆಂಡು ಆಗಲೇ ಗೋಲಿನೊಳಗಿದೆ, ಬಲೆಯ ನೀಲಿ ಗೆರೆಗಳ ನಡುವೆ. ಗೋಲ್‌ಕೀಪರ್ ಅದರ ಕಡೆಗೆ ಹಾರಿದ್ದಾನೆ, ಆದರೆ ಅವನ ಬಲ ಬೂಟು ಇಳಿಯದೆ ಹಾಳೆಯಲ್ಲೇ ಉಳಿದುಹೋಗಿದೆ. ಮಗು ಅದನ್ನು ಹಾಗೆ ಬಿಡಲಿಲ್ಲ. ಪೆನ್ಸಿಲ್ಲಿನಲ್ಲಿ ಒಂದು ಪಾದ ಬರೆದಿದೆ. ಬೂಟು ಬರೆದಿಲ್ಲ, ಪಾದ ಬರೆದಿದೆ, ಐದು ಬೆರಳುಗಳ ಸಮೇತ. ಆ ಬಯಲಿನಲ್ಲಿ ಬರಿಗಾಲಿನಲ್ಲಿ ಆಡಿದ ಮಗುವಿಗೆ ಗೋಲ್‌ಕೀಪರನ ಕಾಲು ಹಾಗೇ ಇರುವುದು ಸಹಜವಾಗಿತ್ತು. ಇಂಗ್ಲೆಂಡಿನಲ್ಲಿ ಅಚ್ಚಾದ ಆ ಆಟಗಾರ ಹುಬ್ಬಳ್ಳಿಯವನಾದದ್ದು ಆ ಐದು ಬೆರಳುಗಳಿಂದ.

ಬರಿಗಾಲಿನ ಮಾತು ಬಂದದ್ದರಿಂದ ಹೇಳುತ್ತೇನೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತದ ಪರ ಗೋಲು ಹೊಡೆದವರು ಬೆಂಗಳೂರಿನ ರಾಮನ್. ನಮ್ಮವರಲ್ಲಿ ಬಹುಮಂದಿ ಅಂದು ಆಡಿದ್ದು ಬರಿಗಾಲಿನಲ್ಲಿ. ಪಂದ್ಯ 2-1ರಿಂದ ಕೈತಪ್ಪಿತು. ಪೆನ್ಸಿಲ್ ಹಿಡಿದ ಮಗುವಿಗೆ ಈ ಕಥೆ ತಿಳಿದಿತ್ತೋ ಇಲ್ಲವೋ, ಅದು ಬರೆದ ಪಾದ ಮಾತ್ರ ನಮ್ಮ ಫುಟ್‌ಬಾಲಿನ ಚರಿತ್ರೆಗೆ ಹೊಂದಿಕೊಂಡಿದೆ.

ಮಕ್ಕಳು ಚಿತ್ರ ಕೂಡಿಹಾಕುವುದು ನಮ್ಮಲ್ಲಿ ತಿಕ್ಕುಚಿತ್ರಕ್ಕಿಂತ ಹಳೆಯದು. ಶಿವಕಾಶಿಯಿಂದ ಬರುವ ಕಡ್ಡಿಪೆಟ್ಟಿಗೆಯ ಚೀಟಿಗಳನ್ನು ನೀರಲ್ಲಿ ನೆನೆಸಿ ಬಿಡಿಸಿ ಪುಸ್ತಕದ ನಡುವೆ ಒಣಗಿಸುತ್ತಿದ್ದೆವು. ಸಿಗರೇಟು ಪಾಕೀಟಿನ ಮುಖವನ್ನು ಹರಿದು ಆಟಕ್ಕೆ ಪಣ ಹಚ್ಚುತ್ತಿದ್ದೆವು. 1987ರಲ್ಲಿ ವಿಶ್ವಕಪ್ ಕ್ರಿಕೆಟ್ ಭಾರತಕ್ಕೆ ಬಂದಾಗ ಬಿಗ್ ಫನ್ ಬಬಲ್‌ಗಮ್ಮಿನ ಜೊತೆ ರನ್ನು, ವಿಕೆಟ್ಟು ಅಚ್ಚಾದ ಕಾರ್ಡುಗಳು ಬಂದು ಓಣಿಗಳಲ್ಲಿ ಹುಚ್ಚೆಬ್ಬಿಸಿದವು. ಆಮೇಲೆ ಬಬಲ್‌ಗಮ್ಮಿನ ಕಾಗದದಲ್ಲೇ ನೀರು ಸವರಿ ಮುಂಗೈಗೆ ಒತ್ತುವ ಟ್ಯಾಟೂ ಬಂದಿತು, ಅದರದು ಸ್ನಾನದವರೆಗಿನ ಬಾಳು. ಇವೆಲ್ಲವನ್ನೂ ನಾನು ಪ್ರೀತಿಸುತ್ತೇನೆ. ಆದರೂ ಕಡ್ಡಿಪೆಟ್ಟಿಗೆಯ ಚೀಟಿಯನ್ನು ನೋಡಬಹುದು, ಎಣಿಸಬಹುದು, ಗೆಲ್ಲಬಹುದು. ಅದರಲ್ಲಿ ಮಗು ಹೊಸದಾಗಿ ಕೂಡಿಸುವುದು ಏನೂ ಇಲ್ಲ. ತಿಕ್ಕುಚಿತ್ರದಲ್ಲಿ ಅರ್ಧ ಕೆಲಸವನ್ನು ಮಾತ್ರ ಅಚ್ಚಿನವರು ಮಾಡಿರುತ್ತಾರೆ. ಉಳಿದರ್ಧ ಮಗುವಿನದು.

ಹುಡುಕಾಟದ ಬಗ್ಗೆ ನಾಲ್ಕು ಮಾತು. ದುರ್ಗದಬೈಲಿನ ಸುತ್ತಿನ ರದ್ದಿ ಅಂಗಡಿಗಳು, ಧಾರವಾಡದ ಸುಭಾಸ ರಸ್ತೆಯ ಆಸುಪಾಸಿನ ಹಳೆಪುಸ್ತಕದವರು, ಮನೆ ಖಾಲಿ ಮಾಡುವವರ ಗಂಟುಮೂಟೆ, ಇವೇ ನನ್ನ ಗಣಿ. ತಿಕ್ಕುಚಿತ್ರ ಇದೆಯೇ ಎಂದು ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ಯಾಕಂದರೆ ಅದು ಅದಾಗಿ ಎಲ್ಲಿಯೂ ಇರುವುದಿಲ್ಲ. ನಾನು ಹಳೆಯ ಕಾಪಿ ಬುಕ್ಕು ಕೇಳುತ್ತೇನೆ, ಹಳೆಯ ಅಟ್ಲಾಸು ಕೇಳುತ್ತೇನೆ, ರಟ್ಟಿನ ಒಳಮೈ ನೋಡುತ್ತೇನೆ. ಹಾಳೆಗೆ ಇಸವಿ ಇಲ್ಲದಿದ್ದರೂ ಕಾಲ ಗುರುತಿಸುವ ಕೆಲವು ಉಪಾಯಗಳಿವೆ. ಮೊದಲು ಚೆಂಡು ನೋಡಬೇಕು. 1970ರ ಮೆಕ್ಸಿಕೋ ವಿಶ್ವಕಪ್ಪಿಗೆ ಅಡಿಡಾಸ್ ತಂದ ಟೆಲ್‌ಸ್ಟಾರ್ ಚೆಂಡಿನಲ್ಲಿ ಹನ್ನೆರಡು ಕಪ್ಪು ಪಂಚಕೋನ, ಇಪ್ಪತ್ತು ಬಿಳಿ ಷಟ್ಕೋನ. ಕಪ್ಪುಬಿಳುಪು ಟೀವಿಯಲ್ಲಿ ಚೆಂಡು ಎದ್ದು ಕಾಣಲಿ ಎಂದು ಮಾಡಿದ ಆ ವಿನ್ಯಾಸವನ್ನೇ ಆಮೇಲೆ ಲೋಕದ ಚಿತ್ರಕಾರರೆಲ್ಲ ಫುಟ್‌ಬಾಲಿನ ಗುರುತು ಮಾಡಿಕೊಂಡರು. ಚಿತ್ರದಲ್ಲಿ ಕಂದು ಬಣ್ಣದ ಪಟ್ಟಿಪಟ್ಟಿ ಚೆಂಡಿದ್ದರೆ ಅದು ಅದಕ್ಕಿಂತ ಹಿಂದಿನದಾಗಿರುವ ಸಂಭವ ಹೆಚ್ಚು. ಆಮೇಲೆ ಗೋಲ್‌ಕೀಪರನ ಕೈ ನೋಡಬೇಕು. ಬರಿಗೈ ಇದ್ದರೆ ಹಳೆಯ ಕಾಲ, ದಪ್ಪ ಕೈಗವಸು ಇದ್ದರೆ ಈಚಿನದು. ಅಂಗಿಯ ಎದೆಯ ಮೇಲೆ ಕಂಪನಿಯ ಹೆಸರಿದ್ದರೆ ಎಪ್ಪತ್ತರ ದಶಕದ ಕೊನೆಯಾಚೆಗಿನದು. ಲಿವರ್‌ಪೂಲ್ ಹಿಟಾಚಿಯ ಹೆಸರು ಹಾಕಿಕೊಂಡದ್ದು 1979ರಲ್ಲಿ. ಕೆನ್ನೆಗೆ ಇಳಿದ ಕಲ್ಲಿ, ಭುಜಕ್ಕೆ ತಾಗುವ ಕೂದಲು, ತೊಡೆಯ ಮೇಲೇ ನಿಂತ ಚಡ್ಡಿ ಕಂಡರೆ ಎಪ್ಪತ್ತರ ದಶಕ ಎಂದು ಕಣ್ಣು ಮುಚ್ಚಿ ಹೇಳಬಹುದು.

ಕಾಪಾಡುವುದು ಹುಡುಕುವುದಕ್ಕಿಂತ ಕಷ್ಟ. ಈ ವಸ್ತುವಿನ ವೈರಿಗಳು ಮೂರು, ಬಿಸಿಲು, ತೇವ ಮತ್ತು ಒತ್ತಡ. ಹುಬ್ಬಳ್ಳಿಯ ಏಪ್ರಿಲ್ ತಿಂಗಳ ಸೆಕೆಗೆ ಅಂಟು ಒಣಗಿ, ಆಟಗಾರರ ಮೈಮೇಲೆ ಹಪ್ಪಳದ ಬಿರುಕು ಮೂಡುತ್ತದೆ. ತಿಕ್ಕಿದರೆ ಪುಡಿಯಾಗಿ ಉದುರುತ್ತಾರೆ, ಇಳಿಯುವುದಿಲ್ಲ. ಧಾರವಾಡದ ಆಷಾಢದ ಜಿಟಿಜಿಟಿಗೆ ಹಿಂದಿನ ಕಾಗದ ಮೆತ್ತಗಾಗಿ ಅಂಟಿಗೇ ಕಚ್ಚಿಕೊಳ್ಳುತ್ತದೆ. ಮೇಲೆ ಭಾರದ ಪುಸ್ತಕ ಇಟ್ಟರೆ ಯಾರೂ ತಿಕ್ಕದೆಯೇ ಆಟಗಾರ ಪಕ್ಕದ ಕಾಗದಕ್ಕೆ ಇಳಿದುಬಿಡುತ್ತಾನೆ. ಅದಕ್ಕೆ ಪ್ರತಿ ಹಾಳೆಯನ್ನೂ ಅದರದೇ ಮೇಣಗಾಗದದ ಜೊತೆ ಸಡಿಲವಾದ ಲಕೋಟೆಯಲ್ಲಿಟ್ಟು, ಲಕೋಟೆಗಳನ್ನು ಒಂದರ ಮೇಲೊಂದು ಹೇರದೆ ಪಕ್ಕಪಕ್ಕಕ್ಕೆ ನಿಲ್ಲಿಸಿ, ಮನೆಯ ಅತಿ ತಂಪಾದ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ತಿಕ್ಕಿ ಇಳಿಸಿದವುಗಳದು ಬೇರೆ ಪಾಡು. ಅವುಗಳ ಮಸಿ ಕಾಗದದ ಮೇಲ್ಮೈಗಷ್ಟೇ ಕುಳಿತಿರುತ್ತದೆ, ಉಗುರು ತಾಗಿದರೆ ಏಳುತ್ತದೆ. ಲ್ಯಾಮಿನೇಶನ್ ಮಾಡಿಸಿರೆಂದು ಅನೇಕರು ಹೇಳುತ್ತಾರೆ. ಮಾಡಿಸಬಾರದು. ಬಿಸಿಗೆ ಮಸಿ ಕರಗುತ್ತದೆ, ಒಮ್ಮೆ ಪ್ಲಾಸ್ಟಿಕ್ಕಿಗೆ ಸಿಕ್ಕಿದ್ದನ್ನು ಬಿಡಿಸಲಾಗದು. ನಾನು ಮಾಡುವುದು ಇಷ್ಟೇ: ಚಿತ್ರದ ಸುತ್ತ ದಪ್ಪ ರಟ್ಟಿನ ಚೌಕಟ್ಟು ಇಟ್ಟು, ಮೇಲಿನ ಹಾಳೆ ಚಿತ್ರಕ್ಕೆ ತಾಗದಂತೆ ನೋಡಿಕೊಳ್ಳುತ್ತೇನೆ.

ಸಂಗ್ರಹಕಾರರ ಲೋಕದಲ್ಲಿ ಒಂದು ನಿಯಮ ಇದೆ. ತಿಕ್ಕದೆ ಉಳಿದ ಹಾಳೆಗೆ ಬೆಲೆ, ತಿಕ್ಕಿದ್ದಕ್ಕೆ ಇಲ್ಲ. ಪೊಟ್ಟಣ ಒಡೆಯದೆ, ಆಟಗಾರರೆಲ್ಲ ತಮ್ಮ ತಮ್ಮ ಜಾಗದಲ್ಲಿ ಇರುವ ಪ್ರತಿಯೇ ಉತ್ತಮ ಪ್ರತಿ. ಒಬ್ಬನನ್ನು ಇಳಿಸಿದ್ದರೂ ಅದು ಹಾಳಾದದ್ದು. ಆ ನಿಯಮದ ಹಿಂದಿನ ನ್ಯಾಯ ನನಗೆ ತಿಳಿಯುತ್ತದೆ. ತಿಕ್ಕದ ಹಾಳೆಗಳು ಉಳಿಯದಿದ್ದರೆ ಚಿತ್ರಕಾರರ ಪೂರ್ತಿ ಕೆಲಸ ನಮಗೆ ಕಾಣುತ್ತಲೇ ಇರಲಿಲ್ಲ. ಬೆರಳುದ್ದದಲ್ಲಿ ಓಟ, ಬೀಳು, ನೆಗೆತ, ಸಿಟ್ಟು ಎಲ್ಲವನ್ನೂ ಹಿಡಿದ ಆ ಚಿತ್ರಕಾರರಲ್ಲಿ ಹೆಚ್ಚಿನವರ ಹೆಸರು ಹಾಳೆಯ ಮೇಲೆ ಎಲ್ಲಿಯೂ ಇಲ್ಲ. ಅವರಿಗೆ ಸಲ್ಲಬೇಕಾದ ಗೌರವ ಅಖಂಡ ಹಾಳೆಯಿಂದಲೇ ಸಲ್ಲುತ್ತದೆ. ಅದಕ್ಕೇ ನಾನೂ ಅವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ.

ಆದರೆ ತಿಕ್ಕಿದ್ದು ಹಾಳಾದದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಿಕ್ಕದ ಹಾಳೆ ಸಾವಿರಾರು ಅಚ್ಚಾದುವುಗಳಲ್ಲಿ ಒಂದು, ಎಲ್ಲವೂ ಒಂದೇ ಥರ. ಅದರಲ್ಲಿ ಆಟ ಇನ್ನೂ ಶುರುವಾಗಿಲ್ಲ. ತಿಕ್ಕಿದ ಚಿತ್ರ ಜಗತ್ತಿನಲ್ಲಿ ಒಂದೇ ಒಂದು. ಏಳು ಜನರನ್ನು ಬಲಕ್ಕೆ ನೂಕಿ, ಗೋಲುಕಂಬ ಅಗಲ ಮಾಡಿ, ಬೂಟಿಲ್ಲದವನಿಗೆ ಪಾದ ಕೊಟ್ಟ ಪಂದ್ಯ ಇನ್ನೆಲ್ಲಿಯೂ ನಡೆದಿಲ್ಲ. ಮಕ್ಕಳ ಆಟ ಸಂಜೆಗೆ ಮುಗಿಯುತ್ತದೆ, ಬಯಲಿನ ಧೂಳಿನಲ್ಲಿ ಅದರ ಗುರುತು ಉಳಿಯುವುದಿಲ್ಲ. ಏಳೆಂಟು ವರ್ಷದ ಮಗುವಿನ ಮನಸ್ಸಿನಲ್ಲಿ ಪಂದ್ಯವೆಂದರೆ ಹೇಗಿತ್ತು, ಯಾರು ಗೆಲ್ಲಬೇಕಿತ್ತು, ಬಿದ್ದವನ ಹತ್ತಿರ ಯಾರು ಹೋಗಬೇಕಿತ್ತು ಎಂಬುದಕ್ಕೆ ಇಂಥ ದಾಖಲೆ ಬೇರೆ ಯಾವ ಕಪಾಟಿನಲ್ಲಿ ಸಿಗುತ್ತದೆ? ಒಮ್ಮೆ ಇಳಿಸಿದರೆ ತೆಗೆಯಲು ಬರುವುದಿಲ್ಲವೆಂದು ಗೊತ್ತಿದ್ದೂ ಮಗು ಉಸಿರು ಬಿಗಿಹಿಡಿದು ತಿಕ್ಕಿದೆ. ತನ್ನ ನಿರ್ಧಾರವನ್ನು ತಾನೇ ತೆಗೆದುಕೊಂಡು ಅದರ ಜೊತೆ ಬಾಳಿದೆ. ಅಷ್ಟು ಗಂಭೀರವಾದ ಕೆಲಸವನ್ನು ಹಾಳು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ನನ್ನ ಕಪಾಟಿನಲ್ಲಿ ಎರಡಕ್ಕೂ ಒಂದೇ ಸಾಲು.

ಒಂದು ಕೊರಗು ಉಳಿದಿದೆ. ಈ ಹಾಳೆಗಳು ಭರ್ಜರಿಯಾಗಿ ಮಾರಾಟವಾಗುತ್ತಿದ್ದ ಕಾಲದಲ್ಲೇ ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು 1967-68ರಲ್ಲಿ, ಮತ್ತೆ 1968-69ರಲ್ಲಿ, ಬೆನ್ನುಬೆನ್ನಿಗೆ ಗೆದ್ದಿತ್ತು. ಅದಕ್ಕೂ ಮೊದಲು 1946-47ರಲ್ಲಿ, 1952-53ರಲ್ಲಿ ಗೆದ್ದಿತ್ತು. ಆ ಆಟಗಾರರ ತಿಕ್ಕುಚಿತ್ರ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಮಕ್ಕಳು ಕೆಂಪು ಅಂಗಿಯ ಬಿಳಿಯರನ್ನೇ ತಮ್ಮವರೆಂದು ಇಳಿಸಿಕೊಂಡರು. ಆಮೇಲೆ ಐವತ್ತನಾಲ್ಕು ವರ್ಷ ಕಾದ ಮೇಲೆ, 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ತಂದಿತು. ಅಂಥ ದಿನವೊಂದು ಮಕ್ಕಳ ಬೆರಳಿಗೆ ಸಿಗಬೇಕು ಎಂಬುದು ನನ್ನ ಆಸೆ.

ಇದು ಆಗದ ಮಾತೇನಲ್ಲ. ಲಗ್ನಪತ್ರಿಕೆಗಳನ್ನು ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಮಾಡಿಕೊಡುವ ಕೈಗಳು ಹುಬ್ಬಳ್ಳಿಯಲ್ಲಿ ಇಂದಿಗೂ ಇವೆ. ಚೌಕಟ್ಟಿಗೆ ಬಿಗಿದ ಬಟ್ಟೆ, ರಬ್ಬರಿನ ಪಟ್ಟಿ, ಒಂದರ ಮೇಲೊಂದು ಬಣ್ಣ, ವಿದ್ಯೆ ಅದೇ. ಫುಟ್‌ಬಾಲ್ ಜೆರ್ಸಿಯ ಮೇಲೆ ಹೆಸರು, ನಂಬರು ಒತ್ತಿಕೊಡುವ ಅಂಗಡಿಯವರೂ ಈ ಮನೆತನದವರೇ. ಅಲ್ಲಿ ಬೆರಳಿನ ಬದಲು ಬಿಸಿ ಯಂತ್ರ ಒತ್ತುತ್ತದೆ, ಚಿತ್ರ ಹಾಳೆ ಬಿಟ್ಟು ಬಟ್ಟೆ ಹಿಡಿಯುವ ರೀತಿ ಒಂದೇ. ಪ್ರಿಂಟಿಂಗಿನ ಒಬ್ಬ ಹಿರಿಯರಿಗೆ ನನ್ನ ಹಾಳೆ ತೋರಿಸಿದಾಗ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಬಣ್ಣದ್ದು ಕಷ್ಟ ಇಲ್ರಿ, ಕಡೀಗೆ ಹಚ್ಚೂ ಅಂಟಿಂದ ಎಲ್ಲಾ ಇರೂದು. ಭಾಳ ಆತಂದ್ರ ಮೊದಲ ಹತ್ತತದ, ಕಡಿಮಿ ಆತಂದ್ರ ಇಳಿಯೂದಿಲ್ಲ,” ಅಂದರು. ಆ ಅಂಟಿನ ಹದ ಹುಡುಕುವ ಕೆಲಸ ನಾವಿಬ್ಬರೂ ಶುರು ಮಾಡಿದ್ದೇವೆ. ಹಾಳೆಯ ಮೇಲೆ ಯಾರಿರಬೇಕೆಂಬುದು ಆಗಲೇ ತೀರ್ಮಾನವಾಗಿದೆ: ಬೂಟಿನವರು, ಬರಿಗಾಲಿನವರು, ಹುಡುಗಿಯರು, ಹುಡುಗರು, ಸೀಟಿ ಊದುವ ರೆಫ್ರಿ, ಬೇಲಿಯ ಮೇಲೆ ಕೂತು ನೋಡುವವರು, ಮ್ಯಾಚಿಗೆ ಬಂದ ಗಿರಮಿಟ್ಟಿನ ಗಾಡಿಯವನು, ಮತ್ತು ಸಾಕಷ್ಟು ಚೆಂಡುಗಳು. ಮೈದಾನದ ರಟ್ಟು ಮಾತ್ರ ಇರುವುದಿಲ್ಲ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ, ಮೈದಾನ ಹುಡುಕುವುದರಲ್ಲಿ ಹುಬ್ಬಳ್ಳಿಯ ಮಕ್ಕಳು ಯಾರಿಗೂ ಕಡಿಮೆಯಿಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಬೇಡಿಕೆ. ಮನೆ ಬದಲಿಸುವಾಗ, ಅಟ್ಟ ಇಳಿಸುವಾಗ, ಹಳೆಯ ಪುಸ್ತಕಗಳನ್ನು ರದ್ದಿಗೆ ತೂಗುವ ಮೊದಲು ಒಮ್ಮೆ ರಟ್ಟಿನ ಒಳಮೈ ನೋಡಿ. ಸೊಟ್ಟಗೆ ಇಳಿದ, ಕೈಯೋ ಕಾಲೋ ಇಲ್ಲದ ಆಟಗಾರನೊಬ್ಬ ಅಲ್ಲಿದ್ದರೆ ಅದನ್ನು ಹರಿದು ಒಗೆಯಬೇಡಿ. ಯಾರು ಇಳಿಸಿದ್ದು, ಯಾವ ಊರಲ್ಲಿ, ಸುಮಾರು ಯಾವ ವರ್ಷ ಎಂದು ಪಕ್ಕದಲ್ಲೇ ಪೆನ್ಸಿಲ್ಲಿನಿಂದ ಬರೆದಿಡಿ. ಆ ಮಗು ಇಂದು ಅರವತ್ತು ದಾಟಿ ಎಲ್ಲೋ ಇದ್ದರೆ ಫೋನು ಮಾಡಿ ಪಂದ್ಯ ಯಾರು ಗೆದ್ದರೆಂದು ಕೇಳಿ. ಉತ್ತರ ಅವರಿಗೆ ಖಂಡಿತ ನೆನಪಿರುತ್ತದೆ.